ಮುಂದಿನ ಸ್ಟಾಪಿನ ಕೂಗು

ಫೆಬ್ರವರಿ 3, ಸೋಮವಾರ

ಬೆಳಗಿನ ಪಾಳಿ ಮುಗಿಸಿ ಬಂದೆ. ಬಿಸಿನೀರು, ಉಪ್ಪು, ಗಂಟಲು ಮುಕ್ಕಳಿಸುವುದು — ಇದೇ ಈಗ ನನ್ನ ಪೂಜೆ. ಇವತ್ತೂ ಟಿನ್ ಫ್ಯಾಕ್ಟರಿ ಹೊತ್ತಿಗೆ ದನಿ ಸೀಳಿತು. "ಏನ್ ಕಂಡಕ್ಟ್ರಮ್ಮಾ, ಐಸ್‌ಕ್ರೀಮ್ ಜಾಸ್ತಿ ಆಯ್ತಾ?" ಅಂದ ಒಬ್ಬ. ನಕ್ಕೆ. ಗಂಟಲಲ್ಲಿ ಗಂಟಿದೆ, ಹದಿಮೂರಕ್ಕೆ ಆಪರೇಷನ್ ಅಂತ ಅವನಿಗೇನು ಗೊತ್ತು. ಡಾಕ್ಟರು ಹೇಳಿದ್ದಿಷ್ಟೇ: "ದನಿ ಬರುತ್ತೆ ಕಾವೇರಿಯವ್ರೇ. ಇದೇ ದನಿ ಬರುತ್ತೆ ಅಂತ ಮಾತ್ರ ಹೇಳಲ್ಲ."

ಹೆದರಿಕೆ ಆಗಿದೆ. ಇಲ್ಲಿ ಬರೆದರೆ ಯಾರೂ ನಗುವುದಿಲ್ಲ.

ಫೆಬ್ರವರಿ 5

ರಜೆ. ಗಂಡ ಕಿರಣ ಇಡೀ ದಿನ ಲ್ಯಾಪ್‌ಟಾಪಿನ ಗೇಮಿನಲ್ಲಿ ಬಸ್ ಓಡಿಸಿದ. ಗ್ಯಾರೇಜಿನಲ್ಲಿ ವಾರವೆಲ್ಲ ಗಾಡಿ ಬಿಚ್ಚಿದ್ದು ಸಾಲದು. ಯಾರೋ ಪುಣ್ಯಾತ್ಮ ಶಿವಾಜಿನಗರದಿಂದ ಕೆ.ಆರ್. ಪುರದ ತನಕ ನಮ್ಮ ರೂಟನ್ನೇ ಮಾಡಿ ಆ ಗೇಮಿಗೆ ಸೇರಿಸಿದ್ದಾನೆ. ಮಾಡ್ ಅಂತಾರಂತೆ. ಸ್ಟಾಪಿನ ಹೆಸರು ಹೇಳುವವಳು ನ್ಯೂಸ್ ಓದುವವಳ ಹಾಗೆ "ಹಲಸೂರು" ಅಂತಾಳೆ. ಅವಳ ಬಸ್ಸಲ್ಲಿ ಯಾರೂ ಇಳಿಯಲ್ಲ, ನಿದ್ದೆ ಹೋಗ್ತಾರೆ ಅಂದೆ.

"ಹಂಗಾದ್ರ ನಿನ್ನ ದನಿ ಹಾಕು." ಯಾದಗಿರಿ ಬಿಟ್ಟು ಎಷ್ಟು ವರ್ಷವಾದರೂ ಇವನ ಮಾತು ಬದಲಾಗಿಲ್ಲ. ತಮಾಷೆಗೆ ಅಂದದ್ದು. ಆಮೇಲೆ ನಾನೇ ಕ್ಯಾಲೆಂಡರ್ ನೋಡಿದೆ. ಹಾಕುವುದಾದರೆ ಆಪರೇಷನ್‌ಗೆ ಮೊದಲೇ ಹಾಕಬೇಕು.

ಫೆಬ್ರವರಿ 8, ಮಧ್ಯಾಹ್ನ

ರೂಮಿನಲ್ಲಿ ಕೂತು ರೆಕಾರ್ಡ್ ಮಾಡಿದರೆ ನಾನೂ ನ್ಯೂಸ್ ಓದುವವಳೇ. ಎದುರಿಗೆ ಜನ ಇಲ್ಲದೆ ಕೂಗು ಬರುವುದಿಲ್ಲ. ಬಸ್ಸಲ್ಲೇ ಮೊಬೈಲ್ ಆನ್ ಮಾಡಿ ಜೇಬಿಗೆ ಹಾಕಿಕೊಂಡೆ. ಡ್ರೈವರ್ ಕರೀಂ ಭಾಯಿಗೆ ಮಾತ್ರ ಹೇಳಿದ್ದೆ. ಪಾಪ, ಹಾರ್ನೇ ಹೊಡೆಯಲಿಲ್ಲ — ಬೆಂಗಳೂರಲ್ಲಿ!

"ಹಲಸೂರು ಬರುತ್ತೆ, ಮುಂದ್ ಬನ್ರಮ್ಮಾ... ಅಲ್ಸೂರ್ ಎರಂಗ್ರವಂಗ ಮುನ್ನಾಡಿ ವಾಂಗ!" ಹಲಸೂರಲ್ಲಿ ಇಳಿಯುವವರಿಗೆ ಅದನ್ನೇ ತಮಿಳಲ್ಲೂ ಕೂಗಬೇಕು.

ಮನೆಯಲ್ಲಿ ಕೇಳಿ ಕಣ್ಣು ತುಂಬಿತು. ಇಷ್ಟು ವರ್ಷ ಇದನ್ನು ಬರೀ ಗಲಾಟೆ ಅಂದುಕೊಂಡಿದ್ದೆ.

ಫೆಬ್ರವರಿ 9, ಭಾನುವಾರ

ಹಳೇ ದನಿ ತೆಗೆದು ನನ್ನ ಫೈಲು ಹಾಕಿದೆ. ಬಸ್ ಹೊರಟಿತು... ಮೂಕ ಬಸ್ಸು.

ತಪ್ಪು ನನ್ನದೇ. ಗೇಮಿಗೆ ಬೇಕಾದ್ದು ಓಜಿಜಿ ಅನ್ನುವ ಫೈಲು. ಮೊಬೈಲ್ ಕೊಟ್ಟದ್ದು ಬೇರೆ ಜಾತಿಯದ್ದು. ನಾನು ಹೆಸರಿನ ಬಾಲ ಅಳಿಸಿ ಓಜಿಜಿ ಅಂತ ಬರೆದಿದ್ದೆ ಅಷ್ಟೇ.

"ಬೋರ್ಡ್ ಬದಲಿ ಮಾಡಿದ್ರ ಬಸ್ಸು ಎಸಿ ಆಗ್ತದೇನ?" ಅಂತ ಕಿರಣ ನಕ್ಕೂ ನಕ್ಕೂ ಸುಸ್ತಾದ. ಸರಿಯಾಗಿ ಕನ್ವರ್ಟ್ ಮಾಡಿ ಹಾಕಿದೆವು. "ಹಲಸೂರು ಬರುತ್ತೆ!" — ನಾನೇ! ಕಿರಣ ಕುರ್ಚಿಯಿಂದ ಎದ್ದೇಬಿಟ್ಟ.

ಆದರೂ ಏನೋ ಸರಿ ಇಲ್ಲ.

ಫೆಬ್ರವರಿ 11

ಗೊತ್ತಾಯಿತು. ಗೇಮಿನಲ್ಲಿ ಬಸ್ ಸ್ಟಾಪಿಗೆ ಬಂದು ನಿಂತ ಮೇಲೆ ಕೂಗು ಬರುತ್ತದೆ. ನಾವು ಒಂದು ಸ್ಟಾಪ್ ಮೊದಲೇ ಕೂಗುತ್ತೇವೆ. ಇಲ್ಲದಿದ್ದರೆ ಕೊನೇ ಸೀಟಿನ ಅಜ್ಜಿ ಸೊಪ್ಪಿನ ಗಂಟು ಎತ್ತಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಬಸ್ ಹೊರಟಿರುತ್ತದೆ.

ಟೈಮಿಂಗ್ ಬದಲಿಸಲು ಬರಲಿಲ್ಲ. ಫೈಲುಗಳನ್ನೇ ಒಂದೊಂದು ಸ್ಟಾಪ್ ಹಿಂದಕ್ಕೆ ಸರಿಸಿದೆ. ಹಲಸೂರಿನ ಕೂಗು ಶಿವಾಜಿನಗರದಲ್ಲಿ, ಇಂದಿರಾನಗರದ್ದು ಹಲಸೂರಿನಲ್ಲಿ. ಈಗ ನಮ್ಮ ಬಸ್ಸು!

ಕೆ.ಆರ್. ಪುರದ ಜಾಗ ಮಾತ್ರ ಖಾಲಿ ಉಳಿಯಿತು. ಅಲ್ಲಿಂದ ಮುಂದೆ ಸ್ಟಾಪಿಲ್ಲ. ಅಲ್ಲಿ ನಾನು ಹೇಳುವುದೇ ಬೇರೆ — "ಲಾಸ್ಟ್ ಸ್ಟಾಪ್, ಎಲ್ಲಾ ಇಳೀರಿ, ಏನೂ ಬಿಟ್ಟೋಗ್ಬೇಡಿ." ನಾಳೆ ಆಪರೇಷನ್‌ಗೆ ಮೊದಲಿನ ಕೊನೇ ಡ್ಯೂಟಿ. ನಾಳೆ ರೆಕಾರ್ಡ್ ಮಾಡಿದರಾಯಿತು.

ಫೆಬ್ರವರಿ 12

ಆಗಲಿಲ್ಲ. ಟಿನ್ ಫ್ಯಾಕ್ಟರಿ ದಾಟಿದ್ದೇ ದನಿ ನಿಂತಿತು. ಕೆ.ಆರ್. ಪುರದಲ್ಲಿ ಬಾಯಿ ತೆಗೆದರೆ ಬರೀ ಗಾಳಿ. ಕರೀಂ ಭಾಯಿ ತಿರುಗಿ ನೋಡಿ ತಾವೇ ಕೂಗಿದರು, "ಲಾಸ್ಟ್ ಸ್ಟಾಪ್! ಉತ್ರೋ ಉತ್ರೋ, ಸಾಮಾನ್ ನೋಡ್ಕೊಳ್ಳಿ!" ಜನ ಇಳಿದ ಮೇಲೆ ಸೀಟಿನಲ್ಲಿ ಕೂತು ಅತ್ತೆ.

ಫೆಬ್ರವರಿ 22

ಆಪರೇಷನ್ ಆಗಿ ಒಂಬತ್ತು ದಿನ. ಮಾತಾಡಬಾರದು. ಪಿಸುಗುಡಲೂ ಬಾರದು. ಬೈಯದ ಹೆಂಡತಿ ಸಿಕ್ಕಿದ ಸಂತೋಷ ಕಿರಣನಿಗೆ ಇರಬೇಕಿತ್ತು... ಇಲ್ಲ. ದಿನಾ ಸಂಜೆ ವಾಲ್ಯೂಮ್ ಜೋರು ಮಾಡಿ ಗೇಮ್ ಹಾಕುತ್ತಾನೆ. ಅಡುಗೆ ಮಾಡುತ್ತಾ ನನ್ನನ್ನೇ ಕೇಳಿಸಿಕೊಳ್ಳುತ್ತೇನೆ. ಕೆ.ಆರ್. ಪುರ ಬರುತ್ತದೆ, ಬಾಗಿಲು ತೆರೆಯುತ್ತದೆ. ಸದ್ದಿಲ್ಲ.

"ಅಲ್ಲಿಗೆ ಆ ನ್ಯೂಸ್‌ನಾಕಿನ್ನ ಹಾಕ್ಲೇನು?" ಅಂದ. ಸೌಟು ಎತ್ತಿ ತೋರಿಸಿದೆ.

ಮಾರ್ಚ್ 2, ಭಾನುವಾರ

ನಿನ್ನೆ ತೋರಿಸಿಕೊಂಡು ಬಂದೆವು. ಗಂಟು ಕೆಟ್ಟದ್ದಲ್ಲವಂತೆ. "ಮೆಲ್ಲಗೆ ಮಾತಾಡಿ ನೋಡೋಣ" ಅಂದರು ಡಾಕ್ಟರು. ತಲೆಯಾಡಿಸಿ ಬಂದೆ. ಏನು ಬರುತ್ತದೋ ಅನ್ನುವ ಭಯ. ಮನೆಯಲ್ಲೂ ಬಾಯಿ ಬಿಡಲಿಲ್ಲ.

ಇವತ್ತು ಕಿರಣ ಬಸ್ಸನ್ನು ಕೆ.ಆರ್. ಪುರಕ್ಕೆ ತಂದು ನಿಲ್ಲಿಸಿದ. ಬಾಗಿಲು ತೆರೆಯಿತು. ಕೀಬೋರ್ಡ್ ಮುಟ್ಟದೆ ಸುಮ್ಮನೆ ಕೂತ. ಗೇಮಿನ ಗೊಂಬೆ ಜನ ಮಾತಿಲ್ಲದೆ ಇಳಿಯತೊಡಗಿದರು. ನೋಡಲಾಗಲಿಲ್ಲ.

"ಏನೂ ಬಿಟ್ಟೋಗ್ಬೇಡಿ" ಅಂದೇಬಿಟ್ಟೆ.

ದಪ್ಪ, ಒರಟು ದನಿ. ಯಾರೋ ಪಕ್ಕದ ಮನೆಯವಳು ಬಂದು ಮಾತಾಡಿದ ಹಾಗೆ. ಕಿರಣ ತಿರುಗಿ ನೋಡಲಿಲ್ಲ, ಕಣ್ಣೊರೆಸಿಕೊಂಡ. ಆಮೇಲೆ ಮೊಬೈಲ್ ತಂದು ಮುಂದಿಟ್ಟ.

"ಲಾಸ್ಟ್ ಸ್ಟಾಪಿಗೆ ಈ ದನೀನ ಹಾಕೂಣು."

ಎರಡು ಸಲ ದನಿ ಒಡೆಯಿತು. ಸಾಕು ಅಂದೆ, ಬಿಡಲಿಲ್ಲ. ಈಗ ಮತ್ತೆ ಕರೆಯುತ್ತಿದ್ದಾನೆ, ರೆಕಾರ್ಡ್ ಆನ್ ಅಂತೆ. ಇಲ್ಲಿ ಕೂತೇ ಕೂಗು ಅಂತಾನೆ. ಸರಿ, ಬರೆಯುತ್ತಲೇ ಕೂಗುತ್ತೇನೆ — ಲಾಸ್ಟ್ ಸ್ಟಾಪ್, ಎಲ್ಲಾ ಇಳೀರಿ, ಏನೂ—