ಸೆನೆಟರ್ ಮೂಲೆಯಲ್ಲಿ ಹನ್ನೊಂದು ಜನ

ಡೇವನ್‌ಪೋರ್ಟ್, ಅಯೋವಾ
ಮಂಗಳವಾರ, 9-2-1988

ಪ್ರೀತಿಯ ಅಜ್ಜಾ,

ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸಭೆ ಊರಲ್ಲಾದರೆ ನಮ್ಮ ಅಡುಗೆಮನೆಯಲ್ಲೇ ಮುಗಿಯುತ್ತಿತ್ತು. ಇಲ್ಲಿ ನಿನ್ನೆ ಸಂಜೆ ನನ್ನ ಹೈಸ್ಕೂಲಿನ ಊಟದ ಹಾಲ್‌ನಲ್ಲಿ ನಡೆಯಿತು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ; ಯಾರ ಮೂಲೆಯಲ್ಲಿ ನಿಲ್ಲುತ್ತೇವೋ ಅವರಿಗೆ ನಮ್ಮ ವೋಟು. ನೀನು ಕೊಟ್ಟ ಬ್ಯಾಡ್ಜ್ ಚುಚ್ಚಿಕೊಂಡು ನಾನೂ ಅತ್ತೆಯೂ ನಿನ್ನ ಮೆಚ್ಚಿನ ಸೆನೆಟರ್ ಮೂಲೆಯಲ್ಲಿ ನಿಂತೆವು. ಮೂಲೆ ಉಳಿಯಲು ಕನಿಷ್ಠ ಹದಿನೆಂಟು ಜನ ಬೇಕಿತ್ತು, ಇದ್ದದ್ದು ಹನ್ನೊಂದು. "ಇಷ್ಟು ಜನ ಸಾಲಲ್ಲ, ಬೇರೆ ಮೂಲೆ ಸೇರ್ಕೊಳ್ಳಿ" ಎಂದುಬಿಟ್ಟರು ಸಭೆ ನಡೆಸುವವರು.

ಹೇಳಿದ್ದೇ ತಡ, ಸುತ್ತಲಿಂದ ಕೂಗೋ ಕೂಗು! ದಿನಾ ಮುಖ ಎತ್ತದೆ ನನ್ನ ತಟ್ಟೆಗೆ ಆಲೂಗಡ್ಡೆ ಬಡಿಸುವ ಮಿಸೆಸ್ ಹೂಕ್‌ಸ್ಟ್ರಾ, "ಬಾರೇ ಪುಟ್ಟಿ, ನಮ್ಮ ಹತ್ರ ಬಾ, ಬಿಸ್ಕತ್ತೂ ಇದೆ!" ಎಂದು ಕೈಬೀಸಿದರು. ಅತ್ತೆಯ ಮನೆಗೆ ಬಂದ ಐದು ತಿಂಗಳಲ್ಲಿ ಈ ಹಾಲ್‌ನಲ್ಲಿ ನನ್ನನ್ನು ಯಾರೂ ಬಾ ಅಂದಿರಲಿಲ್ಲ, ಅಜ್ಜಾ. ಬ್ಯಾಡ್ಜ್ ಜೇಬಿಗೆ ಹಾಕಿಕೊಂಡು ಅತ್ತೆಗಿಂತ ಮೊದಲೇ ಅವರ ಮೂಲೆಗೆ ಹೊರಟುಬಿಟ್ಟೆ.

ತಲೆ ಎಣಿಸುವವರು ಬಂದರು. "ವಯಸ್ಸೆಷ್ಟಮ್ಮ?"

"ಹದಿನಾಲ್ಕು."

"ಅಯ್ಯೋ, ನೀನು ಲೆಕ್ಕಕ್ಕೇ ಬರಲ್ವಲ್ಲಮ್ಮ!"

ಮಿಸೆಸ್ ಹೂಕ್‌ಸ್ಟ್ರಾ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಹಿಂದೆಯೇ ಬಂದ ಅತ್ತೆಯ ಕಡೆ ತಿರುಗಿಸಿದರು. ಲೆಕ್ಕಕ್ಕಿಲ್ಲದವಳು ಕಡೆ ಬದಲಿಸಿದರೆ ಅದೂ ದ್ರೋಹವೇ? ನನಗೆ ತಿಳಿಯುತ್ತಿಲ್ಲ, ನೀನೇ ಬರೆದು ತಿಳಿಸು.

ಕೆಮ್ಮು ಹೋಗಿದೆ. ಬೂಟು ಮಾತ್ರ ಬಿಗಿ.

ಇವತ್ತು ಮಧ್ಯಾಹ್ನ ತಟ್ಟೆ ಹಿಡಿದು ಅದೇ ಹಾಲ್‌ನ ನಡುವೆ ನಿಂತೆ. ಯಾವ ಮೂಲೆಯಿಂದಲೂ ಕೂಗು ಬರಲಿಲ್ಲ. ಬ್ಯಾಡ್ಜ್ ಮತ್ತೆ ಚುಚ್ಚಿಕೊಂಡು ನಿನ್ನೆಯ ಸೆನೆಟರ್ ಮೂಲೆಗೆ ಹೋಗಿ ಒಬ್ಬಳೇ ಉಂಡೆ.

ಗಂಟೆ ಹೊಡೆಯಿತು, ಓಡಬೇಕು.

ನಿನ್ನ ಮರ್ಲಿಸ್