ಚುಕ್ಕಿಯ ಆಚೆಯ ಮೂರನೇ ಮನೆ

ಕೆಳಪೇಟೆ,
ಇಳಿವರ್ಷ ೨೧೨.೪೦

ಮದ್ದಿನ ಯಂತ್ರದ ಕೋಡ್ ಬರೆದ, ಹೆಸರು ಗೊತ್ತಿಲ್ಲದ ಹಿರಿಯರಿಗೆ ರಿಪೇರಿ ಮುನಿರತ್ನಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲು ತಾಳಲಾರದೆ ನಮ್ಮ ಹಿಂದಿನವರು ಹಳೆಯ ಚಿನ್ನದ ಗಣಿಯೊಳಕ್ಕೆ ಇಳಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಲ್ಲಿ ಯಾವ ಸಂಖ್ಯೆಗೂ ಚುಕ್ಕಿಯ ಆಚೆ ಎರಡೇ ಮನೆ. ನಿಮ್ಮ ಕಾಲದ ಯಂತ್ರಗಳು ಹಾಗೆ ತೋರಿಸುತ್ತಿದ್ದವು, ನಾವು ಅದನ್ನೇ ಪದ್ಧತಿ ಮಾಡಿಕೊಂಡೆವು. ನಮ್ಮ ಮನೆಯಲ್ಲಿ ಮೇಕೆ ೩.೦೦, ಊಟಕ್ಕೆ ಬರುವ ನೆಂಟರು ೫.೦೦. ಗಂಡ ೧.೦೦, ಅಷ್ಟೇ ಸಾಕಾಗಿದೆ. ಮಿಕ್ಕ ಅಂಕಿಗಳನ್ನು ಯಂತ್ರ ಕಿತ್ತುಹಾಕುವುದಕ್ಕೆ ‘ಚಿವುಟು’ ಎನ್ನುತ್ತೇವೆ, ಸೊಪ್ಪಿನ ಕುಡಿ ಚಿವುಟಿದ ಹಾಗೆ. ಮೂರನೇ ಮನೆಯಲ್ಲಿ ಏನೂ ಇರುವುದಿಲ್ಲ ಎಂದೇ ನಂಬಿದ್ದೆವು.

ಹೋದ ತಿಂಗಳು ನನ್ನ ತಂಗಿ ಗಂಗರತ್ನಳಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಮಗುವಿನ ಉಸಿರು ನಿಂತು ನಿಂತು ಬರುತ್ತಿತ್ತು. ಉಸಿರಿನ ಮದ್ದು ಎಷ್ಟು ಕೊಡಬೇಕೆಂದು ಕೇಳಿ ಯಂತ್ರಕ್ಕೆ ಅದರ ತೂಕ ಕೊಟ್ಟೆವು. ಅಂಕಿ ತೋರಿಸುವ ಹಲಗೆಯ ಮೇಲೆ ೦.೦೦ ಗ್ರಾಂ ಎಂದು ಬಂತು. ಅಷ್ಟು ಸಣ್ಣ ಮಗುವಿಗೆ ಆ ಮದ್ದನ್ನು ಯಾರೂ ಕೇಳಿದ್ದಿಲ್ಲ. ಮದ್ದು ತೂಗಿಕೊಡುವ ಅಕ್ಕಯಮ್ಮ ಕಣ್ಣೊರೆಸಿಕೊಂಡು, “ಸೊನ್ನೆ ಅಂತೈತಲ್ಲಮ್ಮ. ಈ ಕೂಸಿಗೆ ಮದ್ದಿಲ್ಲ,” ಎಂದರು.

ನನಗೆ ಸಿಟ್ಟು ಬಂತು. ದಿನವೂ ಯಂತ್ರಗಳ ತಿರುಪು ಬಿಗಿಮಾಡುವವಳು, ಒಳಗಿನ ಕೋಡ್ ಓದಿದ್ದು ಅದೇ ಮೊದಲು. ಅಲ್ಲಿ ನೀವು ಕನ್ನಡದಲ್ಲೇ ಬರೆದಿಟ್ಟಿದ್ದಿರಿ: ‘ಎರಡು ಸ್ಥಾನ ತೋರಿಸುವುದಕ್ಕೆ ಮಾತ್ರ. ಒಳಗೆ ಸಂಖ್ಯೆ ಪೂರ್ತಿ ಇದೆ, ಅದನ್ನು ಮುಟ್ಟಬೇಡಿ.’ ಅದರ ಕೆಳಗಿನ ಸಾಲಿನಲ್ಲಿದ್ದ ೨ನ್ನು ಅಳಿಸಿ ೪ ಮಾಡಿದೆ. ಹಲಗೆಯ ಮೇಲೆ ೦.೦೦೪೨ ಬಂತು. ಅಕ್ಕಯಮ್ಮನಿಗೆ ಅದನ್ನು ಓದುವುದೇ ತಿಳಿಯಲಿಲ್ಲ, ಬೆರಳಿಟ್ಟು ಒಂದೊಂದೇ ಮನೆ ದಾಟಿಸಿದೆ. ಅಷ್ಟನ್ನೇ ತೂಗಿ ಮಗುವಿಗೆ ಕೊಟ್ಟರು. ಸಂಜೆಗೆ ಮಗು ಗಟ್ಟಿಯಾಗಿ ಅತ್ತಿತು. ನಾನೂ ಅತ್ತೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡು ಮಲಗಿದೆ.

ನೀವು ಅಂದು ಬೇಸರಪಟ್ಟು ಒಳಗಿನ ಸಂಖ್ಯೆಯನ್ನೂ ಚಿವುಟಿದ್ದರೆ ನನಗೆ ಹುಡುಕಲು ಏನೂ ಇರುತ್ತಿರಲಿಲ್ಲ. ಈ ಋಣ ತೀರುವಂಥದ್ದಲ್ಲ. ಆದರೂ ಒಂದು ಕೋರಿಕೆ. ಅಷ್ಟು ಸಣ್ಣ ಸಂಖ್ಯೆ ಬಂದಾಗ ೦.೦೦ ಎಂದು ತೋರಿಸಬೇಡಿ, ‘೦.೦೧ಕ್ಕಿಂತ ಕಡಿಮೆ’ ಎಂದು ತೋರಿಸಿ. ‘ಕಡಿಮೆ’ ಎಂಬ ಆ ಒಂದು ಪದ ಇದ್ದಿದ್ದರೆ ಗಂಗರತ್ನ ಅವತ್ತು ಮಗುವಿನ ಬಟ್ಟೆಗಳನ್ನು ಮಡಿಚಿ ಪೆಟ್ಟಿಗೆಗೆ ಹಾಕುತ್ತಿರಲಿಲ್ಲ.

ತೂಕದ ಯಂತ್ರಕ್ಕೂ ಮೂರನೇ ಮನೆ ತೆರೆದಿದ್ದೇನೆ. ಇವತ್ತು ಮಗುವಿನ ತೂಕ ೧.೩೧೨ ಕಿಲೋ. ಊರಿನ ಪುಸ್ತಕದಲ್ಲಿ ಕೊನೆಯ ೨ನ್ನು ಚಿವುಟಿ ಬರೆಯಲು ಹೋದರೆ ಗಂಗರತ್ನ ಬಿಡುತ್ತಿಲ್ಲ. ಅದೂ ನನ್ನ ಮಗುವೇ ಅನ್ನುತ್ತಾಳೆ.