ಹಿಂಡಿದ ನಿಂಬೆಹೋಳು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ

ಮನೆಮನೆಯ ಕಸದ ಬುಟ್ಟಿ ತಪಾಸಣೆ ಮುಗಿಯಿತು. 204ರವರು ಇವತ್ತೂ ಡೈಪರನ್ನು ಪೇಪರಿನಲ್ಲಿ ಸುತ್ತಿಲ್ಲ, ಕೆಂಪು ಗುರುತೂ ಹಾಕಿಲ್ಲ. ಫೋಟೋ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಬೈದುಕೊಳ್ಳಲಿ. ಬೆನ್ನ ಹಿಂದೆ ನನ್ನನ್ನು ಸೆಕ್ರೆಟರಿ ಅನ್ನದೆ ‘ಕಸದ ಕಮಿಷನರ್’ ಅನ್ನುತ್ತಾರಂತೆ. ಸಂತೋಷ.

ನಿಂಬೆ, ಕಿತ್ತಳೆ ಸಿಪ್ಪೆಯ ಎರಡನೇ ಡ್ರಮ್ಮೂ ತುಂಬುತ್ತಾ ಬಂತು. ಬೆಲ್ಲ, ನೀರು ಹಾಕಿ ಕೊಳೆಸಿದರೆ ನೆಲ ಒರೆಸುವ ಎನ್‌ಜೈಮ್. ಇಡೀ ಅಪಾರ್ಟ್‌ಮೆಂಟಿಗೆ ಫಿನಾಯಿಲ್ ಬಿಡಿಸಿದ್ದೇನೆ — ನಮ್ಮ ಮೋರಿಯಿಂದ ಹಲಸೂರು ಕೆರೆ ಕಡೆಗೆ ವಿಷ ಹೋಗಬಾರದು. ಆದರೆ ಸಿಪ್ಪೆ ಬೇರೆ ಇಡಿ ಅಂದರೆ ಯಾರೂ ಇಡುವುದಿಲ್ಲ. ಹಾಗಾಗಿ ಹಸಿಕಸದಿಂದ ಆರಿಸಿ ತೆಗೆಯುವ ಕೆಲಸ ಹೌಸ್‌ಕೀಪಿಂಗ್‌ನ ಗಂಗಾಗೆ ಒಪ್ಪಿಸಿದ್ದೇನೆ. ಸಿಂಧನೂರಿನ ಕಡೆಯ ಹುಡುಗಿ. ಚುರುಕು.

ನಿನ್ನೆ ಒಂದು ಫಜೀತಿ. ಮಗಳು ತನ್ಮಯಿ ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಕೊಂಡು ಎಲ್ಲವನ್ನೂ ಅಡುಗೆಮನೆ ಕಟ್ಟೆಯ ಮೇಲೇ ಬಿಟ್ಟಿದ್ದಳು. ಅಷ್ಟರಲ್ಲಿ ಸಿ ಬ್ಲಾಕಿನ ಅಮ್ಮಣ್ಣಿ ಸೀದಾ ಒಳಗೇ ಬಂದುಬಿಟ್ಟರು. ತನ್ಮಯಿಗೆ ನೋಡಿರುವ ಹುಡುಗ ಜಯಂತ್ ಅವರ ತಂಗಿಯ ಮಗ. ಮಗಳಿಗೆ ಚಿಕ್ಕಂದಿನಿಂದ ಶುಗರ್ ಎಂದು ಅವರಿಗೆ ಇನ್ನೂ ಹೇಳಿಲ್ಲ. ಜ್ಯೂಸಿಗೆ ಹಿಂಡಿದ ನಿಂಬೆಹೋಳು ನನ್ನ ಕೈಯಲ್ಲಿತ್ತು. ಕಳಚಿಟ್ಟಿದ್ದ ಸೂಜಿಯನ್ನು ಅದರೊಳಗೇ ಚುಚ್ಚಿ, ಮಡಚಿ, ಹಸಿಕಸಕ್ಕೆ ಎಸೆದೆ. ಇನ್ಸುಲಿನ್ ಪೆನ್ನು ಸೆರಗಿನೊಳಗೆ. ಬಚಾವು!

ಅದೇ ದಿನ, ಸಂಜೆ

ಗಂಗಾಗೆ ಸೂಜಿ ಚುಚ್ಚಿತು. ಹೆಬ್ಬೆರಳಿಗೆ.

“ಇದರಾಗ ಸೂಜಿ ಐತ್ರೀ ಅಕ್ಕಾರ” ಎಂದು ನಿಂಬೆಹೋಳನ್ನು ನನ್ನ ಹತ್ತಿರವೇ ತಂದು ತೋರಿಸಿದಳು. ನೋಡಿದ ಕೂಡಲೇ ಗೊತ್ತಾಯಿತು. ಬಾಯಿ ಬಿಡಲಿಲ್ಲ.

ಆಟೋದಲ್ಲಿ ಶಿವಾಜಿನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಚಿಕ್ಕ ವಯಸ್ಸಿನವರು. “ಸೂಜಿ ಯಾರದ್ದು ಅಂತ ಗೊತ್ತಾ? ಗೊತ್ತಿದ್ರೆ ಅವರ ಬ್ಲಡ್ ಟೆಸ್ಟ್ ಮಾಡಿಸಿ. ಅವರಿಗೇನೂ ಇಲ್ಲ ಅಂದ್ರೆ ಇವರಿಗೆ ಈ ಮಾತ್ರೆನೇ ಬೇಡ” ಎಂದರು. ಗಂಗಾ ನನ್ನ ಮುಖ ನೋಡಿದಳು. “ಗೊತ್ತಿಲ್ಲ ಡಾಕ್ಟ್ರೇ, ಅಷ್ಟೊಂದು ಮನೆಗಳಿವೆ” ಎಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು!

ಎಚ್‌ಐವಿ ತಗಲದಿರಲಿ ಎಂದು ತಿಂಗಳು ಪೂರ್ತಿ ಮಾತ್ರೆ. ಆಮೇಲೆ ಮತ್ತೆ ಮತ್ತೆ ರಕ್ತಪರೀಕ್ಷೆ. “ಮಗುಗೆ ಹಾಲು ಕುಡಿಸ್ತಿದೀರಾ? ಸದ್ಯಕ್ಕೆ ನಿಲ್ಲಿಸ್ಬಿಡಿ. ರಿಸ್ಕ್ ಬೇಡ.” ಗಂಗಾಗೆ ಎಂಟು ತಿಂಗಳ ಕೂಸಿದೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. “ಆಗಿದ್ದು ಆಯ್ತು. ಮದುವೆ ಒಂದು ಮುಗೀಲಿ, ಆಮೇಲೆ ನೋಡೋಣ” ಎಂದು ಟಿವಿ ಸೌಂಡು ಜಾಸ್ತಿ ಮಾಡಿದರು.

ಫೆಬ್ರವರಿ 6, ಗುರುವಾರ

ಗ್ರೂಪಿನಲ್ಲಿ ಒಂದೇ ಗದ್ದಲ. ಸೂಜಿ ಮೂರನೇ ಮಹಡಿಯ ಸೂರ್ಯನದಂತೆ. ಅವನು ಬಾಡಿಗೆಗೆ ಒಬ್ಬನೇ ಇದ್ದಾನೆ, ರಾತ್ರಿ ಪಾಳಿ, ಉದ್ದ ಕೂದಲು — ಸಾಕಲ್ಲ ಇಷ್ಟು! ಡ್ರಗ್ಸ್ ಸೂಜಿಯೇ ಎಂದು ತೀರ್ಪೂ ಆಗಿಹೋಯಿತು. ‘ಸೆಕ್ರೆಟರಿ ಮೇಡಂ ಆ್ಯಕ್ಷನ್ ತಗೋಬೇಕು.’ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ‘ಮೀಟಿಂಗ್‌ನಲ್ಲಿ ಮಾತಾಡೋಣ’ ಎಂದು ಬರೆದೆ.

ಸಂಜೆ ಆ ಹುಡುಗನೇ ಬಂದ. “ಆಂಟಿ, ನಂಗೆ ಸೂಜಿ ಕಂಡ್ರೇ ತಲೆ ತಿರುಗುತ್ತೆ. ನಾನಲ್ಲ ಅಂತ ನೀವಾದ್ರೂ ಒಂದ್ ಮಾತು ಹೇಳಿ. ನಿಮ್ಮ ಮಾತು ಎಲ್ಲರೂ ಕೇಳ್ತಾರೆ.”

“ನೋಡೋಣಪ್ಪ” ಎಂದೆ.

ಡ್ರಗ್ಸಿನ ಮಾತು ಗಂಗಾಳ ಕಿವಿಗೂ ಬಿದ್ದಿದೆ. ಮಧ್ಯಾಹ್ನ ಡ್ರಮ್ಮಿನ ಪಕ್ಕ ಕೂತು ಅಳುತ್ತಿದ್ದಳು. ಅವಳಿಗೆ ಕಾಫಿ ಕಳಿಸಿದೆ. ಕಾಫಿ! ನಾಚಿಕೆಯಾಗಬೇಕು ನನಗೆ.

ಫೆಬ್ರವರಿ 9, ಭಾನುವಾರ

ಜಯಂತ್ ಮನೆಯವರು ಬಂದುಹೋದರು. ಒಪ್ಪಿಗೆ. ಕೇಸರಿಬಾತು ಚೆನ್ನಾಗಿತ್ತಂತೆ. ತನ್ಮಯಿ ಒಂದೇ ಚಮಚ ತಿಂದದ್ದನ್ನು ಡಯೆಟ್ ಎಂದುಕೊಂಡರು. ಅವಳು ನನ್ನನ್ನೇ ನೋಡುತ್ತಿದ್ದಳು. “ಮುಂದೆ ಹೇಳೋಣ” ಎಂದು ನಾನೇ ಅವಳ ಬಾಯಿ ಕಟ್ಟಿದ್ದೆ. “ನಮ್ಮ ಸೆಕ್ರೆಟರಿ ಮನೆ ಅಂದ್ರೆ ಕೇಳ್ಬೇಕೇ? ಎಲ್ಲಾ ಶುದ್ಧ” ಎಂದರು ಅಮ್ಮಣ್ಣಿ.

ಫೆಬ್ರವರಿ 12, ಬುಧವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ಗೊಬ್ಬರದ ತೊಟ್ಟಿಯ ಹತ್ತಿರ ಘಮ್ಮೆಂದು ಮಲ್ಲಿಗೆ ವಾಸನೆ. ಕೊಳೆಯುವ ಕಸದ ನಡುವೆ! ಗಂಗಾಳ ಮುಡಿಯಲ್ಲಿ ಹೂವಿಲ್ಲ. ಸ್ವಲ್ಪ ಗೆಲುವಾಗಿದ್ದಾಳೇನೋ ಎಂಬ ಆಸೆಯಿಂದ, “ಏನೇ, ಮಲ್ಲಿಗೆ ಎಲ್ಲಿ ಬಚ್ಚಿಟ್ಟಿದೀಯಾ?” ಎಂದು ತಮಾಷೆ ಮಾಡಿದೆ.

ತಲೆ ತಗ್ಗಿಸಿದಳು. “ಎದಿಗೆ ಕಟ್ಕೊಂಡೀನ್ರೀ ಅಕ್ಕಾರ. ಹಾಲು ಬತ್ತತೈತಿ ಅಂತ ನಮ್ಮತ್ತಿ ಹೇಳ್ಯಾರ. ಹಾಲು ಗಡ್ಡಿ ಕಟ್ಟಿ ಭಾಳ ನೋವ್ರೀ. ಕೂಸು ಬಾಟ್ಲಿ ಒಲ್ಲೆ ಅಂತೈತಿ. ಅತ್ತು ಅತ್ತು ದನಿ ಬಿದ್ದು ಹೋಗೇತಿ.”

ಅಲ್ಲೇ ಹೇಳಬಹುದಿತ್ತು. ಒಂದೇ ವಾಕ್ಯ. ‘ಸೂಜಿ ನನ್ನ ಮಗಳದು, ಹೆದರಬೇಡ.’ ಅಷ್ಟು ಹೇಳಿದ್ದರೆ ಇವತ್ತು ಸಂಜೆಯೇ ಕೂಸು ಹಾಲು ಕುಡಿಯುತ್ತಿತ್ತು. ಹೇಳಲಿಲ್ಲ. ಎರಡು ದಿನ ರಜೆ ತಗೋ ಎಂದೆ. “ಬ್ಯಾಡ್ರೀ, ಮನ್ಯಾಗ ಇದ್ದರ ಕೂಸು ಎದಿಗೇ ಬರತೈತಿ” ಎಂದಳು.

ನಾನು ಕೆಟ್ಟವಳು. ಬೇರೆ ಪದ ಹುಡುಕುವುದಿಲ್ಲ.

ಮಾರ್ಚ್ 2, ಭಾನುವಾರ

ಇಷ್ಟು ದಿನ ಈ ಪುಸ್ತಕ ಮುಟ್ಟಲಿಲ್ಲ. ಬುಟ್ಟಿ ತಪಾಸಣೆಗೂ ಹೋಗಿಲ್ಲ. ಮಂಡಿನೋವು ಎಂದಿದ್ದೇನೆ.

ನಿನ್ನೆ ಸೂರ್ಯ ಮನೆ ಖಾಲಿ ಮಾಡಿದ. ಓನರೇ ಹೇಳಿದರಂತೆ. ನಾನು ಬಾಲ್ಕನಿಯಿಂದ ನೋಡಿ ಒಳಗೆ ಬಂದೆ.

ಇವತ್ತು ಲಿಫ್ಟಿನಲ್ಲಿ ತನ್ಮಯಿ ಗಂಗಾಳನ್ನು ಮಾತಾಡಿಸಿದ್ದಾಳೆ. ಯಾಕೆ ಇಷ್ಟು ಸೊರಗಿದ್ದೀಯಾ ಎಂದಿದ್ದಾಳೆ. ಸೂಜಿಯ ಗಲಾಟೆ ಅವಳಿಗೂ ಗೊತ್ತಿತ್ತು, ನಿಂಬೆಹೋಳಿನ ವಿಷಯ ಗೊತ್ತಿರಲಿಲ್ಲ; ಅದನ್ನು ಗಂಗಾ ಹೇಳಿದ್ದಾಳೆ. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಬಂದಳು.

“ಅಮ್ಮಾ, ಅಮ್ಮಣ್ಣಿ ಆಂಟಿ ಬಂದ ದಿನ ನನ್ನ ಸೂಜಿ ಎಲ್ಲಿ ಹಾಕ್ದೆ?”

ಒಲೆಯ ಉರಿ ಸಣ್ಣ ಮಾಡಿದೆ.

“ಎಲ್ಲಿ ಹಾಕ್ದೆ ಅಂದೆ!”

“ನಿನಗೋಸ್ಕರ ಕಣೇ...”

“ನನ್ನ ಹೆಸರು ಹೇಳ್ಕೊಂಡು ತಪ್ಪಿಸ್ಕೋಬೇಡ.” ಅಷ್ಟೇ. ರೂಮಿಗೆ ಹೋಗಿ ಜಯಂತ್‌ಗೆ ಫೋನ್ ಮಾಡಿದಳು. ಬಾಗಿಲು ತೆರೆದೇ ಇತ್ತು. ಶುಗರ್, ಸೂಜಿ, ಗಂಗಾ — ಎಲ್ಲ ಹೇಳಿದಳು. ಮನೆಯಲ್ಲಿ ಮಾತಾಡಿ ಹೇಳ್ತೀನಿ ಎಂದನಂತೆ. ನಾಳೆ ಲ್ಯಾಬಿಗೆ ಹೋಗಿ ರಕ್ತ ಕೊಡುತ್ತಾಳಂತೆ.

“ಗಂಗಾಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ.”

ಮಾರ್ಚ್ 4, ಮಂಗಳವಾರ

ರಿಪೋರ್ಟ್ ಬಂತು. ತನ್ಮಯಿಗೆ ಏನೂ ಇಲ್ಲ. ಇರುವುದಿಲ್ಲ ಎಂದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಅದೇ ನನ್ನನ್ನು ತಿನ್ನುತ್ತಿದೆ. ಜಯಂತ್ ಕಡೆಯಿಂದ ಫೋನಿಲ್ಲ. ಗ್ರೂಪಿನಲ್ಲಿ ನಿಜ ಬರೆದು ಹಾಕಿದೆ. ಸೂರ್ಯನಿಗೂ ಫೋನ್ ಮಾಡಿದೆ, ಎತ್ತಲಿಲ್ಲ.

ಮಧ್ಯಾಹ್ನ ಬಸ್ಸಿನಲ್ಲಿ ಹೋಗಿ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಇಳಿದೆ. ಅಲ್ಲಿಂದ ಒಳಗೆ ಗಂಗಾಳ ಬಾಡಿಗೆ ರೂಮು. ಒಂದೇ ಕೋಣೆ, ಶೀಟಿನ ಸೂರು, ಸೆಖೆ. ಗಂಡ ಈರೇಶನೂ ಇದ್ದ. ಚಾಪೆ ಹಾಸಿ ಕೂರಿಸಿದರು. ನೀರು ಕೊಟ್ಟರು. ಕುಡಿಯುವ ಮೊದಲೇ ಹೇಳಿದೆ — ನನ್ನ ಮನೆಯ ಸೂಜಿ, ನಾನೇ ಎಸೆದದ್ದು, ಅವತ್ತೇ ಗೊತ್ತಿತ್ತು.

ಈರೇಶ ಎದ್ದು ಹೊರಗೆ ಹೋಗಿ ನಿಂತ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

ಗಂಗಾ ರಿಪೋರ್ಟಿನ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಏನೂ ಇಲ್ಲಂತಲ್ರೀ? ಖರೇ?”

“ಖರೇ ಕಣೇ. ಆದ್ರೂ ನಾಳೆ ಇದನ್ನ ಡಾಕ್ಟರ್‌ಗೆ ತೋರಿಸೋಣ. ನಾನೂ ಬರ್ತೀನಿ.”

“ಹಂಗಾರ ಕುಡಿಸಬೌದು.” ನಕ್ಕಳು. ಆಸ್ಪತ್ರೆಯಿಂದ ಬಂದಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ನನ್ನನ್ನು ಮರೆತೇಬಿಟ್ಟಳು. ಮಲಗಿದ್ದ ಕೂಸನ್ನು ಎತ್ತಿ, ಸೆರಗು ಸರಿಸಿ, ಎದೆಗೆ ಹಚ್ಚಿದಳು.

ಕೂಸು ಬಾಯಿ ಹಾಕಿ ಚೀಪಿತು. ಬಿಟ್ಟು ಅತ್ತಿತು. ಇನ್ನೊಂದು ಕಡೆಗೆ ಬದಲಿಸಿದಳು. ಕೈಯಿಂದ ಒತ್ತಿ ಒತ್ತಿ ನೋಡಿದಳು. ಏನೂ ಬರಲಿಲ್ಲ.

“ಬರತೈತ್ರೀ ಅಕ್ಕಾರ, ಸ್ವಲ್ಪ ತಡೀರಿ” ಎಂದಳು — ನನಗೆ.

ಎದ್ದು ಬರಬೇಕಿತ್ತು. ಆಗಲಿಲ್ಲ. ಕೂಸು ಮುಖ ತಿರುಗಿಸಿ ಮೂಲೆಯಲ್ಲಿದ್ದ ಬಾಟಲಿಯ ಕಡೆಗೆ ಕೈ ಚಾಚಿತು. ಗಂಗಾ ಅದರ ಕೈ ಹಿಡಿದು ಮತ್ತೆ ಎದೆಗೆ ಹಚ್ಚಿಕೊಂಡಳು.